ಮರ ಹತ್ತುವವರಿಗೆ ಹಿಗ್ಗುವ ಹಗ್ಗ ಬೇಕಾ, ಹಿಗ್ಗದ ಹಗ್ಗ ಬೇಕಾ?

ಪೆರ್ಲದ_ತೋಟ:
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಬೈಯಬೇಡಿ.

ಕಳೆದ ವಾರ ತೋಟಕ್ಕೆ ಮದ್ದು ಬಿಡಲು ಬಂದವರಲ್ಲಿ ಒಬ್ಬರು ಅಡಿಕೆ ಮರದಿಂದ ಜಾರಿದರು. 30 ಅಡಿ ಮೇಲೆ ಇದ್ದರು. ಸೊಂಟದ ಬೆಲ್ಟಿಗೆ ಕಟ್ಟಿದ ನೀಲಿ ಪ್ಲಾಸ್ಟಿಕ್ ಹಗ್ಗ ಮರಕ್ಕೆ ಬಿಗಿದು ನಿಂತಿತು, ಜೀವ ಉಳಿಯಿತು. ಬಿದ್ದದ್ದು ಹೆಚ್ಚೆಂದರೆ 3 ಅಡಿ. ಆದರೂ ಪಕ್ಕೆಲುಬು ಬಿರುಕು ಬಿಟ್ಟಿದೆ, ಬೆಲ್ಟ್ ಒತ್ತಿದಲ್ಲಿ ಅಂಗೈ ಅಗಲ ನೀಲಿಗಟ್ಟಿದೆ. ಆಮೇಲೆ ಹಗ್ಗ ನೋಡಿದೆ. ಮರಕ್ಕೆ ಉಜ್ಜಿದ ಜಾಗದಲ್ಲಿ ಎಳೆಗಳು ಕರಗಿ ಒಂದಕ್ಕೊಂದು ಅಂಟಿ ಮೇಣದ ಹಾಗೆ ಹೊಳೆಯುತ್ತಿದ್ದವು. ಇನ್ನೊಂದು ಅಡಿ ಜಾರಿದ್ದರೆ ಎಂತ ಆಗ್ತಿತ್ತೋ.

ಈಗ ಒಳ್ಳೆ ಹಗ್ಗ ತರಬೇಕು ಎಂದಿದ್ದೇನೆ. ಪೇಟೆಯ ಅಂಗಡಿಯವರು ಉಕ್ಕಿನ ವಯರ್ ಹಗ್ಗ ತೋರಿಸಿ "2 ಟನ್ ತಡೆಯುತ್ತದೆ, ಒಂದಿಂಚೂ ಹಿಗ್ಗುವುದಿಲ್ಲ" ಎಂದರು. ಬೆಂಗಳೂರಿನಲ್ಲಿರುವ ಅಳಿಯನಿಗೆ ಬಂಡೆ ಹತ್ತುವ ಹುಚ್ಚು. ಅವನು "ಮಾವ, ಅದು ಬೇಡವೇ ಬೇಡ, ಹಿಗ್ಗುವ ಹಗ್ಗ ತೆಗೆದುಕೊಳ್ಳಿ" ಎನ್ನುತ್ತಾನೆ. ಹಿಗ್ಗುವ ಹಗ್ಗದಲ್ಲಿ ಎಂತ ಭದ್ರತೆ ಮಾರಾಯ್ರೆ? ಗೊತ್ತಿದ್ದವರು ಹೇಳಿ.

ಬಾಯಾರು_ಭಾವ:
ಅಳಿಯ ಹೇಳಿದ್ದಕ್ಕೆ ಉಲ್ಟಾ ಮಾಡಿ. ಯಾವಾಗಲೂ ಸರಿಯಾಗುತ್ತದೆ. 😄

ಉಪ್ಪಳ_ಹಾರ್ಡ್‌ವೇರ್:
ನಾನೂ ಅಂಗಡಿಯವನೇ. ವಯರ್ ಹಗ್ಗ ಗಟ್ಟಿ, ಅದರಲ್ಲಿ ಸಂಶಯ ಇಲ್ಲ. 70 ಕಿಲೋ ಮನುಷ್ಯನಿಗೆ 2 ಟನ್ ಧಾರಾಳ ಸಾಕು. ಇದರಲ್ಲಿ ಚರ್ಚೆ ಎಂತಕ್ಕೆ?

ಬಂಡೆ_ಹತ್ತುವವ:
ಆ ಅಳಿಯ ನಾನೇ. ಬಾಯಾರು ಭಾವನ ಮಾತು ಓದಿದೆ, ನೆನಪಿಟ್ಟುಕೊಳ್ಳುತ್ತೇನೆ.

ಅಣ್ಣ, ಹಗ್ಗ ತುಂಡಾಗುತ್ತದಾ ಇಲ್ಲವಾ ಎನ್ನುವುದು ಅರ್ಧ ಪ್ರಶ್ನೆ. ಹಗ್ಗ ಉಳಿದು ಮನುಷ್ಯ ಮುರಿದರೆ? ನಿಂತ ತೂಕ ಬೇರೆ, ಬಿದ್ದು ನಿಲ್ಲುವ ತೂಕ ಬೇರೆ. 70 ಕಿಲೋ ಮನುಷ್ಯ 1 ಮೀಟರ್ ಬಿದ್ದ ಎಂದುಕೊಳ್ಳಿ. ಹಗ್ಗ 5 ಸೆಂಟಿಮೀಟರ್ ಒಳಗೆ ಅವನನ್ನು ನಿಲ್ಲಿಸಿದರೆ ಮೈಮೇಲೆ ಬೀಳುವ ಜಗ್ಗು ಸರಾಸರಿ 1,470 ಕಿಲೋ. ಅದೇ ಹಗ್ಗ ಹಿಗ್ಗಿ 50 ಸೆಂಟಿಮೀಟರ್‌ನಲ್ಲಿ ನಿಲ್ಲಿಸಿದರೆ 210 ಕಿಲೋ. ಮನುಷ್ಯ ಅದೇ, ಬಿದ್ದದ್ದೂ ಅಷ್ಟೇ.

ಉಪ್ಪಳ_ಹಾರ್ಡ್‌ವೇರ್:
1,470 ಎಲ್ಲಿಂದ ಬಂತು? ಸುಮ್ನೆ ಹೆದರಿಸಬೇಡಿ.

ನೀರ್ಚಾಲು_ಮಾಷ್ಟ್ರು:
ಲೆಕ್ಕ ಸರಿ ಇದೆ. 31 ವರ್ಷ ಭೌತಶಾಸ್ತ್ರ ಪಾಠ ಮಾಡಿದ್ದೇನೆ, ಇಷ್ಟಕ್ಕೆ ಕ್ಯಾಲ್ಕುಲೇಟರ್ ಬೇಡ. ಬಿದ್ದ ದೂರಕ್ಕೆ ನಿಲ್ಲುವ ದೂರ ಕೂಡಿಸಿ, ನಿಲ್ಲುವ ದೂರದಿಂದ ಭಾಗಿಸಿ, ತೂಕದಿಂದ ಗುಣಿಸಿ. 105 ಭಾಗಿಸು 5 ಅಂದರೆ 21. 21 ಗುಣಿಸು 70 ಅಂದರೆ 1,470. ಇನ್ನೊಂದು ಲೆಕ್ಕದಲ್ಲಿ 150 ಭಾಗಿಸು 50, ಅಂದರೆ 3. ಮೂರು ಎಪ್ಪತ್ತಲಿ 210. ಇದು ಸರಾಸರಿ. ಹಗ್ಗ ಸ್ಪ್ರಿಂಗಿನ ಹಾಗೆ ಹಿಗ್ಗುವುದಾದರೆ ಕೊನೆಯ ಕ್ಷಣದ ಜಗ್ಗು ಇದರ ಎರಡು ಪಟ್ಟು.

ಪುಸ್ತಕ ಬೇಡ ಎಂದರೆ ಬಾವಿಕಟ್ಟೆಗೆ ಹೋಗಿ. ತುಂಬಿದ ಕೊಡಪಾನ ಎಳೆಯುವಾಗ ಒಂದು ಮೊಳ ಹಗ್ಗ ಕೈಯಿಂದ ಜಾರಲಿ, ಮತ್ತೆ ಗಪ್ಪನೆ ಹಿಡಿಯಿರಿ. ಭುಜ ಕಿತ್ತು ಬಂದ ಹಾಗಾಗುತ್ತದೆ. ಕೊಡಪಾನದ ತೂಕ ಹೆಚ್ಚಾಯಿತಾ? ಇಲ್ಲ. ಈಗ ಅದನ್ನೇ ಹಗ್ಗ ಅಂಗೈಯಲ್ಲಿ ಸ್ವಲ್ಪ ಉಜ್ಜಿಕೊಂಡು ಹೋಗುವ ಹಾಗೆ ಮೆಲ್ಲ ಹಿಡಿಯಿರಿ. ಅಂಗೈ ಬಿಸಿಯಾಗುತ್ತದೆ, ಭುಜ ಉಳಿಯುತ್ತದೆ. ನಮ್ಮ ಅಮ್ಮನಿಗೆ ಇದು ಗೊತ್ತಿತ್ತು. ನ್ಯೂಟನ್ ಯಾರೆಂದು ಗೊತ್ತಿರಲಿಲ್ಲ.

ಬಾಯಾರು_ಭಾವ:
ಮಾಷ್ಟ್ರೇ, ಈಗ ಎಲ್ಲರ ಮನೆಯಲ್ಲೂ ಪಂಪು. ಕೊಡಪಾನ ಅಟ್ಟದಲ್ಲಿ ಉಂಟು.

ನೀರ್ಚಾಲು_ಮಾಷ್ಟ್ರು:
ಕರೆಂಟ್ ಹೋದಾಗ ಇಳಿಸುತ್ತೀಯಲ್ಲಾ, ಆಗ ಮಾಡಿ ನೋಡು.

ತಳೆ_ಕೊಕ್ಕೆ:
ನಾನು ಮರ ಹತ್ತುವವನೇ. 22 ವರ್ಷ ಆಯಿತು. ಕಾಲಿಗೆ ತಳೆ (ಹತ್ತುವಾಗ ಪಾದಗಳಿಗೆ ಸಿಕ್ಕಿಸುವ ಬಳೆ), ಸೊಂಟದಲ್ಲಿ ಕತ್ತಿ, ಬೆನ್ನಿಗೆ ಕೊಕ್ಕೆ. ಹಗ್ಗ ಕಟ್ಟಿಕೊಂಡದ್ದು ಕಡಿಮೆ. ಯಾಕೆ ಅಂತ ಹೇಳ್ತೇನೆ, ಆಮೇಲೆ ಬೈಯಿರಿ.

ನಾವು ಪ್ರತಿ ಮರವನ್ನೂ ಬುಡದಿಂದ ಹತ್ತುವುದಿಲ್ಲ. ಒಂದು ಮರದ ತಲೆಗೆ ಹೋದರೆ ಅಲ್ಲಿಂದಲೇ ಮರ ತೂಗಿಸಿ ಪಕ್ಕದ ಮರದ ಸೋಗೆಗೆ ಕೊಕ್ಕೆ ಹಾಕಿ ಎಳೆದು ದಾಟುತ್ತೇವೆ. ಹೀಗೆ ಐದಾರು ಮರ ಮುಗಿಸಿ ಕೆಳಗೆ ಇಳಿಯುವುದು. ದಾಟುವ ಹೊತ್ತಿಗೆ ಒಂದು ಕೈ ಈ ಮರದಲ್ಲಿ, ಒಂದು ಕಾಲು ಆ ಮರದಲ್ಲಿ. ಆಗ ಸೊಂಟ ಹಳೆ ಮರಕ್ಕೆ ಕಟ್ಟಿದ್ದರೆ? ಮರ ವಾಪಸ್ ನೆಟ್ಟಗಾಗುವಾಗ ನಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಬಿಚ್ಚಿ ಕಟ್ಟಿ ಮಾಡಲು ಮೂರನೇ ಕೈ ಬೇಕು.

ಇನ್ನೊಂದು. ಅಣಬೆ ರೋಗದ ಮರ ಬುಡದಲ್ಲಿ ಟೊಳ್ಳಾಗಿರುತ್ತದೆ, ಕೆಲವೊಮ್ಮೆ ಮೇಲೆ ಇನ್ನೂ ಹಸಿರು ಕಾಣಬಹುದು. ಆ ಮರವೇ ಮುರಿದರೆ ಹಗ್ಗ ಕಟ್ಟಿದವನು ಮರದ ಜೊತೆಗೇ ಕೆಳಗೆ. ಕಟ್ಟದವನು ಹಾರಿಯಾದರೂ ಪಕ್ಕದ ಮರ ಹಿಡಿದಾನು.

ಪೆರ್ಲದ_ತೋಟ:
ಅಣ್ಣ, ನೀವು ಹೇಳುವುದು ನಿಜ. ನಮ್ಮಲ್ಲಿ ಜಾರಿದವರು ದಾಟುತ್ತಾ ಇರಲಿಲ್ಲ, ನಿಂತು ಮದ್ದು ಬಿಡುತ್ತಿದ್ದರು. ಮಳೆಗಾಲದ ಪಾಚಿ, ತಳೆ ಜಾರಿತು.

ತಳೆ_ಕೊಕ್ಕೆ:
ನಿಂತು ಮದ್ದು ಬಿಡುವಾಗ ಹಗ್ಗ ಬೇಕೇ ಬೇಕು. ಒಪ್ಪಿದೆ. ಆಗ ಎರಡು ಕೈಯೂ ಗನ್ನಿನ ಮೇಲೆ, ಪೈಪು ಬೇರೆ ಹಿಂದಕ್ಕೆ ಎಳೆಯುತ್ತದೆ.

ದೋಟಿ_ಪ್ರಿಯ:
ಮರ ಹತ್ತುವುದೇ ಯಾಕೆ? ಕಾರ್ಬನ್ ಫೈಬರ್ ದೋಟಿ ತೆಗೆದುಕೊಳ್ಳಿ. ನೆಲದಲ್ಲಿ ನಿಂತು ಕೊಯ್ಯಿರಿ, ನೆಲದಲ್ಲೇ ನಿಂತು ಮದ್ದು ಬಿಡಿ. ಬೀಳುವ ಪ್ರಶ್ನೆಯೇ ಇಲ್ಲ.

ತಳೆ_ಕೊಕ್ಕೆ:
ಇಡೀ ದಿನ ಕತ್ತು ಎತ್ತಿ ದೋಟಿ ಹಿಡಿದು ನೋಡಿ. ಸಂಜೆಗೆ ಊಟದ ಬಟ್ಟಲು ಕಾಣುವುದಿಲ್ಲ.

ಬಂಡೆ_ಹತ್ತುವವ:
ಮತ್ತೆ ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತದೆ. ತೋಟದ ಮೇಲೆ ಲೈನ್ ಹೋಗಿದ್ದರೆ ಆ ಸಾಲಿನ ಮರಗಳಿಗೆ ದೋಟಿ ಎತ್ತಲೇಬೇಡಿ.

ದೋಟಿ_ಪ್ರಿಯ:
ಅದು ಗೊತ್ತುಂಟು. ನಮ್ಮ ತೋಟದ ಮೇಲೆ ಲೈನ್ ಇಲ್ಲ.

ಉಪ್ಪಳ_ಹಾರ್ಡ್‌ವೇರ್:
ಹಗ್ಗಕ್ಕೆ ಬನ್ನಿ. ಬಂಡೆಯವರು ಹೇಳುವ ಹಗ್ಗವನ್ನು ನೆಟ್‌ನಲ್ಲಿ ನೋಡಿದೆ. ಒಂದರಲ್ಲಿ 8.5 ಕಿಲೋನ್ಯೂಟನ್ ಅಂತ ಉಂಟು, ಇನ್ನೊಂದರಲ್ಲಿ 9. ಅಂದರೆ 900 ಕಿಲೋ. ನನ್ನ ವಯರ್ 2 ಟನ್. ಈಗ ಹೇಳಿ ಯಾವುದು ಗಟ್ಟಿ?

ಬಂಡೆ_ಹತ್ತುವವ:
ಇಲ್ಲಿಯೇ ಎಲ್ಲರೂ ಎಡವುವುದು. ಅದು ಹಗ್ಗ ತುಂಡಾಗುವ ತೂಕ ಅಲ್ಲ. ಪರೀಕ್ಷೆಯಲ್ಲಿ ಬಿದ್ದವನಿಗೆ ತಾಗಿದ ಗರಿಷ್ಠ ಜಗ್ಗು. ಅದು ಕಡಿಮೆ ಇದ್ದಷ್ಟು ಹಗ್ಗ ಮೆದು, ಮೈಗೆ ಒಳ್ಳೆಯದು. 1 ಕಿಲೋನ್ಯೂಟನ್ ಅಂದರೆ ಹತ್ತಿರ ಹತ್ತಿರ 100 ಕಿಲೋ, ಎರಡು ಸಿಮೆಂಟ್ ಚೀಲ.

ಪರೀಕ್ಷೆ ಹೀಗೆ. 80 ಕಿಲೋ ಕಬ್ಬಿಣದ ಗುಂಡು. ಹಗ್ಗದ ಉದ್ದ 2.8 ಮೀಟರ್, ಬೀಳುವ ದೂರ ಸುಮಾರು 4.8 ಮೀಟರ್. ಮೊದಲ ಬೀಳುವಿಕೆಯಲ್ಲಿ ಜಗ್ಗು 12 ಕಿಲೋನ್ಯೂಟನ್ ದಾಟಬಾರದು. ಹಿಗ್ಗುವುದು 40 ಶೇಕಡಾ ದಾಟಬಾರದು. ಅದೇ ಹಗ್ಗ ಹೀಗೆ ಕನಿಷ್ಠ 5 ಸಲ ತಡೆಯಬೇಕು. ಜೋಡಿ ಇಲ್ಲದೆ ಒಂಟಿಯಾಗಿ ಬಳಸುವ ಹಗ್ಗಕ್ಕೆ ಯುರೋಪಿನ ನಿಯಮ ಇದು. ಹಗ್ಗದ ಒಳಗೆ ತಿರುಚಿದ ನೈಲಾನ್ ಎಳೆಗಳು, ಹೊರಗೆ ನೇಯ್ದ ಚೀಲ. ಜರ್ಮನಿಯ ಏಡಲ್‌ರಿಡ್ ಕಂಪನಿ ಈ ರೀತಿಯ ಹಗ್ಗವನ್ನು 1953ರಲ್ಲಿ ತಂದದ್ದು. ನೈಲಾನ್ ಬರುವ ಮೊದಲು ನಾರಿನ ಹಗ್ಗ. ಆಗಿನವರಿಗೆ ಮೊದಲು ಹತ್ತುವವನು ಬೀಳಲೇಬಾರದು ಎನ್ನುವುದೇ ನಿಯಮ.

ಬಾಯಾರು_ಭಾವ:
4.8 ಮೀಟರ್ ಮಾತ್ರ ಯಾಕೆ? 20 ಮೀಟರ್ ಬೀಳಿಸಿ ನೋಡಬೇಕಿತ್ತು. ಆಗ ಗೊತ್ತಾಗ್ತಿತ್ತು ಬಣ್ಣ.

ಬಂಡೆ_ಹತ್ತುವವ:
ನಂಬುವುದು ಕಷ್ಟ, ಆದರೆ ಕೇಳಿ. ಲೆಕ್ಕಕ್ಕೆ ಬೇಕಾದದ್ದು ಬಿದ್ದ ದೂರ ಮಾತ್ರ ಅಲ್ಲ. ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ. ನಾವು ಫಾಲ್ ಫ್ಯಾಕ್ಟರ್ ಎನ್ನುತ್ತೇವೆ. 1 ಮೀಟರ್ ಹಗ್ಗದ ಮೇಲೆ 1 ಮೀಟರ್ ಬಿದ್ದರೂ 10 ಮೀಟರ್ ಹಗ್ಗದ ಮೇಲೆ 10 ಮೀಟರ್ ಬಿದ್ದರೂ ಸಂಖ್ಯೆ 1. ಕೊನೆಯ ಜಗ್ಗೂ ಒಂದೇ.

ಬಾಯಾರು_ಭಾವ:
ಇದೆಂತ ಸಾವು ಮಾರಾಯ! 10 ಮೀಟರ್ ಬಿದ್ದವನಿಗೂ 1 ಮೀಟರ್ ಬಿದ್ದವನಿಗೂ ಒಂದೇ ಜಗ್ಗಾ? ಮಾಷ್ಟ್ರೇ, ನೀವು ಹೇಳಿ.

ನೀರ್ಚಾಲು_ಮಾಷ್ಟ್ರು:
ಹುಡುಗ ಹೇಳಿದ್ದು ಸರಿ. ಹತ್ತು ಪಟ್ಟು ಹೆಚ್ಚು ಬಿದ್ದಿದ್ದಾನೆ, ಆದರೆ ಆ ಪೆಟ್ಟನ್ನು ನುಂಗಲು ಹತ್ತು ಪಟ್ಟು ಹಗ್ಗ ಉಂಟಲ್ಲಾ. ಔತಣಕ್ಕೆ ಹತ್ತು ಪಟ್ಟು ಜನ ಬಂದರು, ಬಡಿಸುವವರೂ ಹತ್ತು ಪಟ್ಟು ಆದರು. ಒಬ್ಬೊಬ್ಬರ ಕೈಗೆ ಕೆಲಸ ಅಷ್ಟೇ.

ಇನ್ನೊಂದು ಮಜಾ ಉಂಟು. ಸಡಿಲ ಸ್ವಲ್ಪವೂ ಇಲ್ಲದೆ, ಬಿಗಿಯಾದ ಹಗ್ಗಕ್ಕೆ ಒಮ್ಮೆಲೇ ಮೈ ಬಿಟ್ಟರೂ ಜಗ್ಗು ತೂಕದ ಎರಡು ಪಟ್ಟು. 70 ಕಿಲೋದವನಿಗೆ 140. ಅದಕ್ಕಿಂತ ಕಡಿಮೆ ಬೇಕಾದರೆ ಮೆಲ್ಲ ಕೂತುಕೊಳ್ಳಬೇಕು.

ಕುಂಬಳೆ_ಸಿಸ್ಟರ್:
ಆ 10 ಮೀಟರಿನಲ್ಲಿ ನಡುವೆ ಕೊಂಬೆಯೋ ನೆಲವೋ ಸಿಕ್ಕಿದರೆ ಸಂಖ್ಯೆ ಯಾವುದಾದರೂ ನಮ್ಮ ವಾರ್ಡಿಗೇ ಬರುವುದು. ಅದನ್ನೂ ಬರೆಯಿರಿ.

ಬಂಡೆ_ಹತ್ತುವವ:
ನೂರಕ್ಕೆ ನೂರು ಸರಿ ಸಿಸ್ಟರ್.

ಪೆರ್ಲದ_ತೋಟ:
ಹಾಗಾದರೆ ಬಂಡೆ ಹತ್ತುವ ಹಗ್ಗ ಒಂದು ಮೀಟರ್ ತುಂಡು ತಂದು ಕಟ್ಟಿದರೆ ಮುಗಿಯಿತಲ್ಲಾ?

ಬಂಡೆ_ಹತ್ತುವವ:
ಇಲ್ಲ ಮಾವ. ಫೋನಿನಲ್ಲಿ ನಾನು ಅರ್ಧ ಹೇಳಿದ್ದೆ, ತಪ್ಪು ನನ್ನದೇ.

ನಿನ್ನೆ ರಾತ್ರಿ ಲೆಕ್ಕ ಹಾಕಿದೆ. 9 ಕಿಲೋನ್ಯೂಟನ್ ಎಂದು ಬರೆದ ಹಗ್ಗ, 80 ಕಿಲೋ ಮನುಷ್ಯ. ಫ್ಯಾಕ್ಟರ್ 1 ಆದರೆ ಜಗ್ಗು ಸುಮಾರು 7 ಕಿಲೋನ್ಯೂಟನ್. 14 ಸಿಮೆಂಟ್ ಚೀಲ! ಗಂಟು ಬಿಗಿಯುವಾಗ ಸ್ವಲ್ಪ ಕಡಿಮೆಯಾದೀತು, ಆದರೂ ಜಾಸ್ತಿಯೇ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಯುರೋಪಿನಲ್ಲಿ 6ರ ಒಳಗೆ ಇರಬೇಕು ಎನ್ನುತ್ತಾರೆ. ಫ್ಯಾಕ್ಟರ್ 0.3 ಆದರೆ ಅದೇ ಹಗ್ಗದಲ್ಲಿ 4.2 ಮಾತ್ರ.

ಹಗ್ಗ ಹಿಗ್ಗುವುದು ಉದ್ದಕ್ಕೆ ತಕ್ಕ ಹಾಗೆ. ಬಾದಾಮಿಯಲ್ಲಿ ನಾನು ಬಿದ್ದಾಗ ನನ್ನ ಮತ್ತು ಕೆಳಗೆ ಹಗ್ಗ ಹಿಡಿದವನ ನಡುವೆ 15 ಮೀಟರ್ ಹಗ್ಗ ಇತ್ತು. ನಾಲ್ಕು ಮೀಟರ್ ಬಿದ್ದೆ, ತೊಟ್ಟಿಲಿನ ಹಾಗೆ ತೂಗಿ ನಿಂತೆ, ನಗು ಬಂತು. ನಿಮ್ಮ ಮರದ ಮೇಲೆ ಇರುವುದು 1 ಮೀಟರ್. ಅದು 30 ಶೇಕಡಾ ಹಿಗ್ಗಿದರೂ ಒಂದು ಅಡಿ ಅಷ್ಟೇ. ಹಾಗಾಗಿ ಮುಖ್ಯ ಕೆಲಸ ಹಗ್ಗ ಎಲ್ಲಿ ಸುತ್ತಿದೆ ಎಂದು ನೋಡುವುದು. ಕಾಲಿನ ಹತ್ತಿರ ಇಳಿದಿದ್ದರೆ ಫ್ಯಾಕ್ಟರ್ 2ರ ಹತ್ತಿರ. ಸೊಂಟದ ಮಟ್ಟದಲ್ಲಿ ಇದ್ದರೆ 1. ತಲೆಗಿಂತ ಮೇಲೆ ಬಿಗಿಯಾಗಿ ಇದ್ದರೆ ಸೊನ್ನೆಯ ಹತ್ತಿರ. ಕಾಸು ಖರ್ಚಿಲ್ಲದ ಭದ್ರತೆ ಇದೇ.

ತಳೆ_ಕೊಕ್ಕೆ:
ಮೇಲೆ ಸುತ್ತಿದರೂ ಅದು ನಿಲ್ಲಬೇಕಲ್ಲ. ಅಡಿಕೆ ಮರ ಬೆಣ್ಣೆಯ ಹಾಗೆ. ಸುಮ್ನೆ ಬಳಸಿದ ಹಗ್ಗ ಮಳೆಯಲ್ಲಿ ಬುಡದ ತನಕ ಬರುತ್ತದೆ, ಜೊತೆಗೆ ನಾವೂ. ಜೀರುಗುಣಿಕೆ ಹಾಕಬೇಕು. ಎಳೆದಷ್ಟೂ ಬಿಗಿಯಬೇಕು. ನಾನು ಎರಡು ಸುತ್ತು ಹಾಕಿ ಜೀರುಗುಣಿಕೆ ಬಿಗಿಯುತ್ತೇನೆ.

ಬಂಡೆ_ಹತ್ತುವವ:
ಇದು ನನಗೆ ಹೊಳೆದೇ ಇರಲಿಲ್ಲ! ಬಂಡೆಯಲ್ಲಿ ಬೋಲ್ಟ್ ಇರುತ್ತದೆ, ಜಾರುವ ಮಾತೇ ಇಲ್ಲ. ಅಣ್ಣ, ಎರಡು ಸುತ್ತಿನ ಫೋಟೋ ಹಾಕಿ.

ತಳೆ_ಕೊಕ್ಕೆ:
ನಾಳೆ ಹಾಕ್ತೇನೆ. ಈಗ ಕೈಯಲ್ಲಿ ಮದ್ದು.

ನೀರ್ಚಾಲು_ಮಾಷ್ಟ್ರು:
ಒಂದು ತಕರಾರು. ಮರವೂ ಬಾಗುತ್ತದಲ್ಲಾ? ತುದಿಯಲ್ಲಿ ಅಡಿಕೆ ಮರ ಗಾಳಕ್ಕೆ ಸಿಕ್ಕಿಸಿದ ಕೋಲಿನ ಹಾಗೆ. ಜಗ್ಗಿನ ಒಂದು ಪಾಲು ಅದೂ ನುಂಗುತ್ತದೆ.

ಬಂಡೆ_ಹತ್ತುವವ:
ಪಕ್ಕಕ್ಕೆ ಎಳೆದರೆ ಬಾಗುತ್ತದೆ ಸರ್. ಮನುಷ್ಯ ನೇರ ಕೆಳಗೆ ಬಿದ್ದರೆ ಎಳೆತ ಕಾಂಡದ ಉದ್ದಕ್ಕೆ. ಆಗ ಅದು ಕಂಬ. ಮರವನ್ನು ನಂಬಿ ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ನೀರ್ಚಾಲು_ಮಾಷ್ಟ್ರು:
ಹ್ಮ್. ನೇರ ಕೆಳಗಾದರೆ ಹೌದು. ಒಪ್ಪಿದೆ.

ಬಾಯಾರು_ಭಾವ:
ಮಾಷ್ಟ್ರು ಒಪ್ಪಿದರು! ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಉಪ್ಪಳ_ಹಾರ್ಡ್‌ವೇರ್:
ಸರಿ, ವಯರ್ ಬೇಡ ಎಂದಾಯಿತು. ನನ್ನಲ್ಲಿ ಮೈಗೆಲ್ಲ ಪಟ್ಟಿ ಬಿಗಿಯುವ ಫುಲ್ ಬಾಡಿ ಹಾರ್ನೆಸ್ ಕೂಡ ಉಂಟು, ಭಾರತದ ಮಾನಕ ಐಎಸ್ 3521ರ ಗುರುತು ಇರುವುದು. ಅದರ ಹಗ್ಗದ ನಡುವೆ ಒಂದು ದಪ್ಪ ಪೊಟ್ಟಣ ಇರುತ್ತದೆ. ಕಟ್ಟಡದ ಕೆಲಸದವರು ಅದು ತೊಂದರೆ ಎಂದು ಕೊಯ್ದು ತೆಗೆಸುತ್ತಾರೆ. ಅದು ಎಂತಕ್ಕೆ ಅಂತ ನನಗೂ ಇವತ್ತೇ ಅಂದಾಜಾದದ್ದು.

ಬಂಡೆ_ಹತ್ತುವವ:
ಅಯ್ಯೋ, ಅದೇ ಜೀವ ಉಳಿಸುವ ಭಾಗ! ಒಳಗೆ ಮಡಚಿ ಹೊಲಿದ ಪಟ್ಟಿ. ಬಿದ್ದಾಗ ಹೊಲಿಗೆ ಒಂದೊಂದಾಗಿ ಹರಿಯುತ್ತದೆ. ಹರಿಯುತ್ತಾ ಹರಿಯುತ್ತಾ ಜಗ್ಗನ್ನು 6 ಕಿಲೋನ್ಯೂಟನ್ ಒಳಗೆ ಇಡುತ್ತದೆ. ಚಿಕ್ಕ ಹಗ್ಗಕ್ಕೆ ಇದೇ ಮದ್ದು. ಆದರೆ ಪೂರ್ತಿ ಬಿಚ್ಚಿದರೆ 1.75 ಮೀಟರ್ ತನಕ ಉದ್ದವಾಗಬಹುದು. ಅದಕ್ಕೆ ಹಗ್ಗದ ಉದ್ದ, ಮನುಷ್ಯನ ಎತ್ತರ, ಸ್ವಲ್ಪ ಹೆಚ್ಚುವರಿ ಜಾಗ ಎಲ್ಲ ಸೇರಿಸಿ. 2 ಮೀಟರ್ ಹಗ್ಗವಾದರೆ ಕೆಳಗೆ 6 ಮೀಟರಿಗಿಂತ ಹೆಚ್ಚು ಖಾಲಿ ಜಾಗ ಬೇಕು. 15 ಅಡಿಯಲ್ಲಿ ಇರುವಾಗ ಅದು ಬಿಚ್ಚುವ ಮೊದಲೇ ನೆಲ ಸಿಗುತ್ತದೆ. ಹಾಗಾಗಿ ಹಗ್ಗ ಗಿಡ್ಡ ಇರಲಿ. ಒಮ್ಮೆ ಬಿಚ್ಚಿದ ಪೊಟ್ಟಣ ಮತ್ತೆ ಹೊಲಿಸಬೇಡಿ, ಬಿಸಾಡಿ.

ಕುಂಬಳೆ_ಸಿಸ್ಟರ್:
ಸೊಂಟಕ್ಕೆ ಬರೀ ಬೆಲ್ಟ್ ಕಟ್ಟಬೇಡಿ. ಜಗ್ಗೆಲ್ಲ ಹೊಟ್ಟೆ, ಪಕ್ಕೆಲುಬಿನ ಮೇಲೆ ಬೀಳುತ್ತದೆ. ಪೆರ್ಲದವರ ಕೆಲಸದವರಿಗೆ ಆದದ್ದೂ ಅದೇ ಇರಬೇಕು. ತೊಡೆಗೂ ಭುಜಕ್ಕೂ ಪಟ್ಟಿ ಇರುವುದು ಬೇಕು.

ಎರಡನೆಯದು ಯಾರೂ ಹೇಳಲಿಲ್ಲ. ಬಿದ್ದವನು ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಕೆಲವೇ ನಿಮಿಷದಲ್ಲಿ ತಲೆ ತಿರುಗಿ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಕಾಲು ಆಡಿಸುತ್ತಾ ಇರಲು ಹೇಳಿ. ಏಣಿ ಮನೆಯ ಅಟ್ಟದಲ್ಲಿ ಅಲ್ಲ, ತೋಟದಲ್ಲಿ ಇರಲಿ. ಒಬ್ಬರನ್ನೇ ಮರ ಹತ್ತಿಸಿ ನೀವು ಪೇಟೆಗೆ ಹೋಗಬೇಡಿ.

ಪೆರ್ಲದ_ತೋಟ:
ಏಣಿ ಅಟ್ಟದಲ್ಲೇ ಇತ್ತು. ಅವತ್ತು ತರಲು ಹೋದವನಿಗೆ ಅಟ್ಟ ಹತ್ತಲು ಏಣಿ ಬೇಕಾಯಿತು. ಈಗ ನಗು ಬರುತ್ತದೆ, ಅವತ್ತು ಕೈ ಕಾಲು ನಡುಗಿತ್ತು.

ದೋಟಿ_ಪ್ರಿಯ:
ತೆಂಗಿನ ಮರಕ್ಕಾದರೆ ಚೆಂಬೇರಿ ಮಾದರಿಯ ಮರ ಹತ್ತುವ ಯಂತ್ರ ಉಂಟು, ಅದಕ್ಕೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಸುರಕ್ಷೆಯ ಜೋಡಣೆಯನ್ನೂ ಮಾಡಿದ್ದಾರೆ. ಅಡಿಕೆಗೆ ಸಜೀಪಮೂಡದ ಗಣಪತಿ ಭಟ್ಟರ ಮರ ಏರುವ ಬೈಕ್ ಉಂಟು.

ಬಾಯಾರು_ಭಾವ:
ಬೈಕ್ ತಂದರೆ ನಮ್ಮ ಮಗ ಅದರಲ್ಲೇ ಕಾಲೇಜಿಗೆ ಹೋದಾನು.

ತಳೆ_ಕೊಕ್ಕೆ:
ಒಂದು ಪ್ರಶ್ನೆ. ಮೈಲುತುತ್ತಿನ ಮದ್ದು ಹಗ್ಗದ ಮೇಲೆ ದಿನಾ ಬೀಳುತ್ತದೆ. ನೈಲಾನ್ ಹಾಳಾಗುತ್ತದಾ?

ಬಂಡೆ_ಹತ್ತುವವ:
ನೈಲಾನಿಗೆ ಆಸಿಡ್ ಆಗುವುದಿಲ್ಲ. ಬ್ಯಾಟರಿ ಆಸಿಡ್ ಅಂತೂ ದೊಡ್ಡ ಶತ್ರು, ಕಣ್ಣಿಗೆ ಕಾಣದ ಹಾಗೆ ಒಳಗೆ ತಿನ್ನುತ್ತದೆ. ಇನ್ವರ್ಟರ್ ಬ್ಯಾಟರಿ ಇಟ್ಟ ಕೋಣೆಯಲ್ಲಿ ಹಗ್ಗ ತೂಗಬೇಡಿ. ಬೋರ್ಡೋದಲ್ಲಿ, ಅಂದರೆ ನಿಮ್ಮ ಮೈಲುತುತ್ತಿನ ಮದ್ದಿನಲ್ಲಿ, ಸುಣ್ಣ ಸರಿಯಾಗಿ ಬಿದ್ದಿದ್ದರೆ ಆಸಿಡ್ ಉಳಿಯುವುದಿಲ್ಲ, ಆದರೂ ಸಂಜೆ ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಒದ್ದೆ ನೈಲಾನ್ ಬಲ ಕಡಿಮೆ. ನೀಲಿ ಪ್ಲಾಸ್ಟಿಕ್ ಹಗ್ಗಕ್ಕೆ ಬಿಸಿಲೇ ಶತ್ರು, ಮತ್ತೆ 165 ಡಿಗ್ರಿಯ ಹತ್ತಿರ ಕರಗುತ್ತದೆ. ಮಾವ ನೋಡಿದ ಹೊಳಪು ಅದೇ.

ಪೆರ್ಲದ_ತೋಟ:
ಎಲ್ಲರಿಗೂ ವರದಿ. ಭಾನುವಾರ ಅಳಿಯ ಊರಿಗೆ ಬಂದ. ಹಲಸಿನ ಮರದ ಕೊಂಬೆಗೆ ಕಟ್ಟಿ ಮರಳಿನ ಗೋಣಿ ಬೀಳಿಸಿ ನೋಡಿದೆವು. ಗೋಣಿ 60 ಕಿಲೋ, ಹಗ್ಗ 1 ಮೀಟರ್, ಬೀಳಿಸಿದ್ದು 1 ಮೀಟರ್.

ವಯರ್: ಒಂದು ಸಲ ಟಣ್ ಎಂದಿತು. ಗೋಣಿಯ ಬಾಯಿ ಹರಿದು ಮರಳೆಲ್ಲ ಅಂಗಳದಲ್ಲಿ. ವಯರಿಗೆ ಎಂತದೂ ಆಗಲಿಲ್ಲ, ಅಂಗಡಿಯವರು ಹೇಳಿದ್ದು ಸತ್ಯವೇ. ಪ್ಲಾಸ್ಟಿಕ್ ಹಗ್ಗ: ಗಂಟು ಜಾರಿತು, ಗೋಣಿ ನೆಲಕ್ಕೆ. ಅಳಿಯನ ಹಳೆ ಹಗ್ಗ: ಗೋಣಿ ಕೆಳಗೆ ಹೋಗಿ ಮೇಲೆ ಬಂದು ಎರಡು ಸಲ ಕುಣಿಯಿತು, ಹರಿಯಲಿಲ್ಲ. ನಾಯಿ ಮಾತ್ರ ಇನ್ನೂ ಹಲಸಿನ ಮರದ ಹತ್ತಿರ ಬರುತ್ತಿಲ್ಲ.

ಪೊಟ್ಟಣ ಇರುವ ಹಾರ್ನೆಸ್ ಎರಡು ತರಿಸಿದ್ದೇನೆ. ಮರಕ್ಕೆ ತಳೆ ಕೊಕ್ಕೆಯವರ ಎರಡು ಸುತ್ತಿನ ಜೀರುಗುಣಿಕೆ, ಯಾವಾಗಲೂ ಎದೆಗಿಂತ ಮೇಲೆ. ಮರದಿಂದ ಮರಕ್ಕೆ ದಾಟುವುದು ನಮ್ಮ ತೋಟದಲ್ಲಿ ಬೇಡ, ಇಳಿದು ಹತ್ತಲಿ. ಅರ್ಧ ದಿನ ಜಾಸ್ತಿ ಹೋದರೆ ಹೋಗಲಿ, ಕೂಲಿ ಕೊಡ್ತೇನೆ.

ತಳೆ_ಕೊಕ್ಕೆ:
ಆ ಕೊನೆಯ ಮಾತನ್ನು ನಾನೂ ಸ್ಕ್ರೀನ್‌ಶಾಟ್ ತೆಗೆದೆ.

ಪೆರ್ಲದ_ತೋಟ:
😄 ಬನ್ನಿ, ಮುಂದಿನ ಮದ್ದಿಗೆ ನೀವೇ ಬನ್ನಿ.

ತಳೆ_ಕೊಕ್ಕೆ:
ಬರ್ತೇನೆ. ಅಳಿಯನ ಆ ಹಳೆ ಹಗ್ಗ ಬಿಸಾಡ್ತೀರಾದರೆ ನನಗೆ ಇರಲಿ. ದನ ಕಟ್ಟಲು.

ಬಂಡೆ_ಹತ್ತುವವ:
ತೆಗೆದುಕೊಳ್ಳಿ ಅಣ್ಣ, 9 ವರ್ಷ ಹಳೆಯದು. ಮನುಷ್ಯರಿಗೆ ಇನ್ನು ಬೇಡ, ದನಕ್ಕೆ ಧಾರಾಳ.

ಬಾಯಾರು_ಭಾವ:
ಹಿಗ್ಗುವ ಹಗ್ಗದಲ್ಲಿ ದನ ಕಟ್ಟಿದರೆ ಪಕ್ಕದ ಮನೆಯವರ ಬಸಳೆ ಚಪ್ಪರ ಎಷ್ಟು ಅಡಿ ದೂರದಲ್ಲಿರಬೇಕು ಅಂತ ಮೊದಲು ಮಾಷ್ಟ್ರ ಹತ್ತಿರ ಲೆಕ್ಕ ಹಾಕಿಸಿ.

ನೀರ್ಚಾಲು_ಮಾಷ್ಟ್ರು:
ದನದ ತೂಕ ಎಷ್ಟು?